ನಿಮ್ಮೂರು ಯಾವ ಪಾರ್ಟಿ?

ಒಂದು ಮಳೆಗಾಲದಲ್ಲಿ ಕರಾವಳಿಯ ಕಡೆಯ ನಮ್ಮ ಸಂಬಂಧಿಕರೊಬ್ಬರು ಹೆಂಡತಿ ಮಕ್ಕಳೊಂದಿಗೆ ಜಲಪಾತ ನೋಡಲು ಬಂದಿದ್ದರು. ಘಟಪ್ರಭೆ ತುಂಬಿ ಹರಿಯುವಾಗ ಸುಮಾರು 170 ಅಡಿ ಎತ್ತರದಿಂದ ಧುಮುಕುವ ನೀರನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ತೂಗುಸೇತುವೆ ನೋಡಿ, ಕರದಂಟು ಕಟ್ಟಿಸಿಕೊಂಡು, ಚಹಾದಂಗಡಿಯಲ್ಲಿ ಕುಳಿತಾಗ ಅವರು ಕೇಳಿದರು: "ಅಲ್ಲ ಮಾಸ್ತರರೇ, ನಿಮ್ಮೂರು ಯಾವ ಪಾರ್ಟಿ?"

ನಾನು ಉತ್ತರ ಹುಡುಕುವುದರೊಳಗೆ ಪಕ್ಕದ ಬೆಂಚಿನಲ್ಲಿದ್ದ ಗಿರಣಿಯ ನಿವೃತ್ತ ಕಾರ್ಮಿಕರೊಬ್ಬರು ಬಸಿ ಕೆಳಗಿಟ್ಟು ಹೇಳಿದರು: "ನಮ್ಮಲ್ಲಿ ಪಾರ್ಟಿ ಗೀರ್ಟಿ ಏನೂ ಇಲ್ರಿ. ಸಾಹುಕಾರ್ರು ಎಲ್ಲೋ ಊರು ಅಲ್ಲೇ."

ಅತಿಥಿಗಳು ನಕ್ಕರು. ನಾನೂ ನಕ್ಕೆ. ಆದರೆ ರಾತ್ರಿ ಮಲಗಿದಾಗ ಆ ಮಾತು ಮತ್ತೆ ಮತ್ತೆ ನೆನಪಾಯಿತು. ಅದು ನಿಜವೇ? ನಿಜವಾದರೆ ನಾವು ಐದು ವರ್ಷಕ್ಕೊಮ್ಮೆ ಸರದಿಯಲ್ಲಿ ನಿಂತು ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುವುದು ಯಾತಕ್ಕಾಗಿ?

ಯಾರಿಗೆ ಓಟು ಹಾಕಬೇಕೆಂದು ಹೇಳಲು ನಾನು ಈ ಅಂಕಣ ಬರೆಯುತ್ತಿಲ್ಲ. ನಾನು ಸರಕಾರಿ ಶಾಲೆಯ ಮಾಸ್ತರ. ಯಾವ ಪಕ್ಷದ ಪರವೂ ಮಾತಾಡುವಂತಿಲ್ಲ, ಮಾತಾಡುವ ಆಸೆಯೂ ಇಲ್ಲ. ಆದರೆ ಚುನಾವಣಾ ಕರ್ತವ್ಯಕ್ಕೆ ಹೋಗಿ ಹೋಗಿ ಮತಗಟ್ಟೆಯ ಒಳಗಿನಿಂದ ಜನರನ್ನು ನೋಡಿದ್ದೇನೆ. ನೋಡಿದ್ದನ್ನೂ ನಮ್ಮ ಭಾಗದ ಚುನಾವಣೆಗಳ ಕತೆಯನ್ನೂ ಓದುಗರ ಮುಂದಿಡುತ್ತೇನೆ.

ಮೊದಲು ಕತೆ.

ನಮ್ಮ ಗೋಕಾಕ ಫಾಲ್ಸ್ ಹುಟ್ಟಿದ್ದೇ ಗಿರಣಿಯಿಂದ. 1885ರಲ್ಲಿ ಕಂಪನಿ ಸ್ಥಾಪನೆಯಾಯಿತು, 1887ರ ಹೊತ್ತಿಗೆ ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿ ತಿರುಗತೊಡಗಿತು. ಸುತ್ತಲಿನ ಹಳ್ಳಿಗಳಿಂದ ಎಲ್ಲ ಜಾತಿಯ, ಎಲ್ಲ ಧರ್ಮದ ಜನ ಬಂದು ಚಾಳುಗಳಲ್ಲಿ ನೆಲೆಸಿದರು. ಕನ್ನಡ, ಮರಾಠಿ, ಉರ್ದು ಮೂರನ್ನೂ ಒಂದೇ ನಳದ ಮುಂದೆ ಕೇಳಬಹುದಿತ್ತು. ಲಿಂಗಾಯತರು, ವಾಲ್ಮೀಕಿ ನಾಯಕರು, ಕುರುಬರು, ಮರಾಠರು, ದಲಿತರು, ಮುಸಲ್ಮಾನರು, ಎಲ್ಲರಿಗೂ ಒಂದೇ ಭೋಂಗಾ, ಒಂದೇ ಪಾಳಿ. ನನ್ನ ತಂದೆ ಆ ಭೋಂಗಾ ಕೇಳಿ ಎದ್ದವರೇ. ಈಗ ಗಿರಣಿಯಲ್ಲಿ ಹಿಂದಿನಷ್ಟು ಕಾರ್ಮಿಕರಿಲ್ಲ. ಗಿರಣಿಯನ್ನು ನಂಬಿದ್ದ ಮನೆಗಳ ಮಕ್ಕಳು ಬೆಳಗಾವಿ, ಪುಣೆ, ಬೆಂಗಳೂರು ಎಂದು ಚದುರಿದ್ದಾರೆ.

ಕಾಂಗ್ರೆಸ್ಸಿನ ಬೇರು ಈ ನೆಲದಲ್ಲಿ ಬಹಳ ಆಳ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು ನಮ್ಮ ಜಿಲ್ಲಾ ಕೇಂದ್ರ ಬೆಳಗಾವಿಯಲ್ಲಿ. ಸೇವಾದಳ ಕಟ್ಟಿದ ಡಾ. ನಾ.ಸು. ಹರ್ಡೀಕರರು ನಮ್ಮ ಪಕ್ಕದ ಘಟಪ್ರಭೆಯಲ್ಲಿ ಆರೋಗ್ಯಧಾಮ ಕಟ್ಟಿದರು. ಚಿಕ್ಕೋಡಿ ಲೋಕಸಭಾ ಕ್ಷೇತ್ರದಿಂದ ಬಿ. ಶಂಕರಾನಂದರು 1967ರಿಂದ 1991ರವರೆಗೆ ಸತತ ಏಳು ಸಲ ಗೆದ್ದರು. ದೇಶದಲ್ಲೆಲ್ಲ ಇಂದಿರಾ ಗಾಂಧಿಯವರ ವಿರುದ್ಧ ಅಲೆ ಎದ್ದ 1977ರಲ್ಲೂ ಕರ್ನಾಟಕದ 28 ಸೀಟುಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದವು. ಆ ಕಾಲದಲ್ಲಿ "ನಿಮ್ಮೂರು ಯಾವ ಪಾರ್ಟಿ" ಎಂದು ಯಾರಾದರೂ ಕೇಳಿದ್ದರೆ ಉತ್ತರ ಸುಲಭವಿತ್ತು.

ಆಮೇಲೆ ಗಾಳಿ ತಿರುಗಿತು. 1983ರಲ್ಲಿ ಜನತಾ ಪಕ್ಷ ಬಂತು, ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದರು. 1989ರಲ್ಲಿ ವೀರೇಂದ್ರ ಪಾಟೀಲರ ನಾಯಕತ್ವದಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದು ಮರಳಿತು. 1990ರಲ್ಲಿ ಅನಾರೋಗ್ಯದಲ್ಲಿದ್ದ ಅವರನ್ನು ಹೈಕಮಾಂಡ್ ಕೆಳಗಿಳಿಸಿದ ರೀತಿ ಉತ್ತರ ಕರ್ನಾಟಕದ ಲಿಂಗಾಯತರ ಮನಸ್ಸಿಗೆ ನೋವುಂಟುಮಾಡಿತು ಎಂದು ರಾಜಕೀಯ ಬಲ್ಲವರೆಲ್ಲ ಬರೆದಿದ್ದಾರೆ. 1994ರಲ್ಲಿ ಅದೇ ಕಾಂಗ್ರೆಸ್ 34 ಸ್ಥಾನಗಳಿಗೆ ಇಳಿಯಿತು. ಜನತಾದಳ ಒಡೆದು ಚೂರಾದಾಗ ಅದರ ಓಟುಗಳ ದೊಡ್ಡ ಪಾಲು ನಮ್ಮ ಭಾಗದಲ್ಲಿ ಬಿಜೆಪಿಯ ಕಡೆ ಹರಿಯಿತು.

ಇಲ್ಲಿಯವರೆಗಿನದು ಪಕ್ಷಗಳ ಕತೆ. ಇದು ಇಡೀ ಉತ್ತರ ಕರ್ನಾಟಕಕ್ಕೆ ಅನ್ವಯಿಸುತ್ತದೆ. ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿಯ ವಿಶೇಷ ಬೇರೆಯೇ ಇದೆ.

ನಾನು ಮೊದಲ ಓಟು ಹಾಕಿದ್ದು 1999ರಲ್ಲಿ. ಆ ವರ್ಷ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಚುನಾವಣೆ. ಆಗ ಗೋಕಾಕ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರವಾಗಿತ್ತು. ರಮೇಶ ಜಾರಕಿಹೊಳಿಯವರು ಕಾಂಗ್ರೆಸ್ಸಿನಿಂದ ಗೆದ್ದರು. 2008ರಲ್ಲಿ ಕ್ಷೇತ್ರ ಪುನರ್ವಿಂಗಡಣೆಯಾಗಿ ಗೋಕಾಕ ಸಾಮಾನ್ಯ ಕ್ಷೇತ್ರವಾಯಿತು, ಮೀಸಲಾತಿ ಹೊಸ ಯಮಕನಮರಡಿ ಕ್ಷೇತ್ರಕ್ಕೆ ಹೋಯಿತು. ಮೀಸಲಾತಿ ಹೋದ ಮೇಲೆ ಇಲ್ಲಿ ಬೇರೆ ಸಮುದಾಯದವರೇ ಗೆಲ್ಲುತ್ತಾರೆಂದು ಹಲವರು ಲೆಕ್ಕ ಹಾಕಿದ್ದರು. ಆ ಲೆಕ್ಕ ತಪ್ಪಿತು. ಅವರೇ ಗೆದ್ದರು. 2013ರಲ್ಲೂ, 2018ರಲ್ಲೂ ಅವರೇ. ಐದೂ ಸಲ ಕಾಂಗ್ರೆಸ್ಸಿನಿಂದ.

2019ರ ಜುಲೈಯಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ಸಿನ 17 ಶಾಸಕರನ್ನು ಸಭಾಧ್ಯಕ್ಷರು ಅನರ್ಹಗೊಳಿಸಿದರು. ಅವರಲ್ಲಿ ನಮ್ಮ ಶಾಸಕರೂ ಒಬ್ಬರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದು, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದೆಂದು ಹೇಳಿತು. ಡಿಸೆಂಬರ್ 5ರಂದು ಉಪಚುನಾವಣೆ. ಈಗ ಅವರು ಬಿಜೆಪಿಯ ಅಭ್ಯರ್ಥಿ. ಎದುರಿಗೆ ಕಾಂಗ್ರೆಸ್ಸಿನಿಂದ ಅವರ ತಮ್ಮ ಲಖನ್ ಜಾರಕಿಹೊಳಿ, ಜೆಡಿಎಸ್ಸಿನಿಂದ ಅಶೋಕ ಪೂಜಾರಿ. ಸುಮಾರು 29 ಸಾವಿರ ಓಟುಗಳ ಅಂತರದಿಂದ ಅವರು ಗೆದ್ದರು. ಒಂದೂವರೆ ವರ್ಷದ ಹಿಂದೆ ಹಸ್ತಕ್ಕೆ ಬಿದ್ದ ಓಟುಗಳಲ್ಲಿ ಬಹಳಷ್ಟು ಈ ಸಲ ಕಮಲಕ್ಕೆ ಬಿದ್ದವು. 2023ರಲ್ಲೂ ಅವರೇ ಗೆದ್ದರು.

ಮೂಡಲಗಿ ಇರುವ ಅರಭಾವಿ ಕ್ಷೇತ್ರವನ್ನು ನೋಡಿ. ಬಾಲಚಂದ್ರ ಜಾರಕಿಹೊಳಿಯವರು 2004ರಲ್ಲಿ ಜೆಡಿಎಸ್ಸಿನಿಂದ ಗೆದ್ದರು, 2008ರ ಮೇ ತಿಂಗಳಲ್ಲೂ ಜೆಡಿಎಸ್ಸಿನಿಂದ ಗೆದ್ದರು. ಅದೇ ವರ್ಷ ರಾಜೀನಾಮೆ ಕೊಟ್ಟು ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು. 'ಆಪರೇಷನ್ ಕಮಲ' ಎಂಬ ಶಬ್ದ ನಮ್ಮ ಪತ್ರಿಕೆಗಳಿಗೆ ಬಂದದ್ದು ಆಗಲೇ. ಹುಕ್ಕೇರಿಯಲ್ಲೂ ಅದೇ ವರ್ಷ ಅದೇ ಕತೆ: ಉಮೇಶ ಕತ್ತಿಯವರು ಮೇ ತಿಂಗಳಲ್ಲಿ ಜೆಡಿಎಸ್, ಡಿಸೆಂಬರಿನಲ್ಲಿ ಬಿಜೆಪಿ. ತಂದೆ ವಿಶ್ವನಾಥ ಕತ್ತಿಯವರು ತೀರಿಕೊಂಡ ಮೇಲೆ 1985ರ ಉಪಚುನಾವಣೆಯಲ್ಲಿ ಮೊದಲ ಬಾರಿ ಶಾಸಕರಾದ ಉಮೇಶ ಕತ್ತಿಯವರು ಜನತಾ ಪಕ್ಷ, ಜನತಾದಳ, ಸಂಯುಕ್ತ ಜನತಾದಳ, ಕಾಂಗ್ರೆಸ್, ಜೆಡಿಎಸ್, ಬಿಜೆಪಿ ಎಂದು ಆರು ಪಕ್ಷ ಕಂಡು ಎಂಟು ಸಲ ಶಾಸಕರಾದರು. 2022ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. 2023ರಲ್ಲಿ ಅವರ ಮಗ ನಿಖಿಲ್ ಕತ್ತಿಯವರನ್ನು ಹುಕ್ಕೇರಿ ಆರಿಸಿತು. ಪಕ್ಕದ ಯಮಕನಮರಡಿಯಲ್ಲಿ ಸತೀಶ ಜಾರಕಿಹೊಳಿಯವರು 2008ರಿಂದ ಕಾಂಗ್ರೆಸ್ಸಿನಲ್ಲೇ ಇದ್ದು ಗೆಲ್ಲುತ್ತ ಬಂದಿದ್ದಾರೆ.

2023ರಲ್ಲಿ ರಾಜ್ಯದ ಗಾಳಿ ಕಾಂಗ್ರೆಸ್ ಕಡೆ ಬೀಸಿತು, 135 ಸ್ಥಾನ ಬಂತು. ನಮ್ಮ ಜಿಲ್ಲೆಯ 18ರಲ್ಲಿ 11 ಕಾಂಗ್ರೆಸ್ಸಿಗೆ, 7 ಬಿಜೆಪಿಗೆ. ಆದರೆ ಗೋಕಾಕ, ಅರಭಾವಿ, ಹುಕ್ಕೇರಿ, ಯಮಕನಮರಡಿ ಈ ನಾಲ್ಕೂ ಕಡೆ ಮನೆತನ ಬದಲಾಗಲಿಲ್ಲ, ಪಕ್ಷವೂ ಕದಲಲಿಲ್ಲ. ಗಾಳಿ ಬೀಸಿದ್ದು ಸುತ್ತಮುತ್ತ ಮಾತ್ರ.

ಇದಕ್ಕೆ ಕಾರಣವೇನು? ಬೆಂಗಳೂರಿನವರು ಬೇಗ ಒಂದು ತೀರ್ಪು ಕೊಡುತ್ತಾರೆ: ದುಡ್ಡು, ಜಾತಿ, ಭಯ. ಇವು ಇಲ್ಲವೆಂದು ಹೇಳುವಷ್ಟು ಮುಗ್ಧ ನಾನಲ್ಲ. ಆದರೆ ಬರೀ ಇವಿಷ್ಟೇ ಎಂದರೆ ಮತದಾರನಿಗೆ ಅವಮಾನ ಮಾಡಿದಂತೆ. ನಮ್ಮದು ಕಬ್ಬಿನ ನಾಡು. ಕಬ್ಬು ಹೊಲದಲ್ಲಿ ನಿಂತು ಒಣಗಿದರೆ ತೂಕ ಇಳಿಯುತ್ತದೆ, ರೈತನ ವರ್ಷದ ಗಂಜಿ ಇಳಿಯುತ್ತದೆ. ಕಬ್ಬು ಕಡಿಯುವ ತಂಡ ಯಾವ ದಿನ ಬರುತ್ತದೆ, ಕಾರ್ಖಾನೆಯ ಬಿಲ್ಲು ಯಾವಾಗ ಕೈ ಸೇರುತ್ತದೆ, ಸೊಸೈಟಿಯ ಸಾಲ ಹೊಸದಾಗುತ್ತದೋ ಇಲ್ಲವೋ, ಇದೇ ಅವನ ರಾಜಕೀಯ. ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆ, ಗೋಕಾಕದ ಘಟಪ್ರಭಾ ಕಾರ್ಖಾನೆ, ಜಿಲ್ಲಾ ಸಹಕಾರಿ ಬ್ಯಾಂಕು, ಹಳ್ಳಿ ಹಳ್ಳಿಯ ಪತ್ತಿನ ಸಂಘಗಳು, ಇವು ನಮ್ಮಲ್ಲಿ ವಿಧಾನಸೌಧಕ್ಕಿಂತ ಹತ್ತಿರ. ಹುಕ್ಕೇರಿಯಲ್ಲಂತೂ ಮನೆಯ ದೀಪವೂ ಸಹಕಾರದಿಂದಲೇ ಉರಿಯುತ್ತದೆ. ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಕರೆಂಟು ಹಂಚುತ್ತದೆ. ಆಸ್ಪತ್ರೆಗೆ ಚೀಟಿ ಬೇಕು, ಮಗಳ ಹಾಸ್ಟೆಲ್ ಸೀಟಿಗೆ ಒಂದು ಫೋನು ಬೇಕು. ಪಕ್ಷ ಫೋನು ಮಾಡುವುದಿಲ್ಲ, ಮನುಷ್ಯ ಮಾಡುತ್ತಾನೆ. ಆದ್ದರಿಂದ ಮತದಾರ ಮನುಷ್ಯನನ್ನು ಹಿಡಿದುಕೊಂಡಿದ್ದಾನೆ.

ಆದರೂ ಮನುಷ್ಯನೇ ಎಲ್ಲ ಎಂದೂ ಹೇಳಲಾಗದು. ಉಮೇಶ ಕತ್ತಿಯವರೇ 2004ರಲ್ಲಿ ಕಾಂಗ್ರೆಸ್ ಟಿಕೆಟಿನಲ್ಲಿ ನಿಂತಾಗ ಹುಕ್ಕೇರಿ ಅವರನ್ನು ಸೋಲಿಸಿತು. ಲೋಕಸಭೆಯ ಲೆಕ್ಕ ನೋಡಿದರೆ ಇನ್ನೂ ಆಶ್ಚರ್ಯ. ಗೋಕಾಕ, ಅರಭಾವಿ ಸೇರಿರುವ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 2019ರಲ್ಲಿ ಬಿಜೆಪಿಯ ಸುರೇಶ ಅಂಗಡಿಯವರು 3 ಲಕ್ಷ 90 ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಅವರು ತೀರಿಕೊಂಡ ಮೇಲೆ 2021ರ ಉಪಚುನಾವಣೆಯಲ್ಲಿ ಅವರ ಪತ್ನಿ ಮಂಗಳಾ ಅಂಗಡಿಯವರ ಎದುರು ಸತೀಶ ಜಾರಕಿಹೊಳಿಯವರು ನಿಂತರು. ಅಂತರ ಬರೀ 5,240ಕ್ಕೆ ಇಳಿಯಿತು. 2024ರಲ್ಲಿ ಹುಬ್ಬಳ್ಳಿಯಿಂದ ಬಂದ ಜಗದೀಶ ಶೆಟ್ಟರ್ ಅದೇ ಕ್ಷೇತ್ರವನ್ನು 1 ಲಕ್ಷ 78 ಸಾವಿರಕ್ಕೂ ಹೆಚ್ಚಿನ ಅಂತರದಿಂದ ಬಿಜೆಪಿಗೆ ಗೆದ್ದರು. ಅದೇ ಮೇ 7ರಂದು ಹುಕ್ಕೇರಿ, ಯಮಕನಮರಡಿ ಸೇರಿರುವ ಚಿಕ್ಕೋಡಿಯಲ್ಲಿ ಕಾಂಗ್ರೆಸ್ಸಿನ ಪ್ರಿಯಾಂಕಾ ಜಾರಕಿಹೊಳಿ ಸುಮಾರು 90 ಸಾವಿರದಿಂದ ಗೆದ್ದರು. ಒಂದೇ ದಿನ, ಒಂದೇ ಜಿಲ್ಲೆ, ಅಕ್ಕಪಕ್ಕದ ಎರಡು ಕ್ಷೇತ್ರ, ಎರಡು ದಿಕ್ಕು.

ಅಮೆರಿಕದ ಹಲವು ರಾಜ್ಯಗಳಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸುವಾಗಲೇ "ನಾನು ಇಂಥ ಪಕ್ಷದವನು" ಎಂದು ಬರೆಸಬಹುದು. ಅಲ್ಲಿನ ಒಂದು ಸಣ್ಣ ಪಟ್ಟಣ ಯಾವ ಕಡೆ ವಾಲಿದೆ ಎಂದು ಕಾಗದ ನೋಡಿಯೇ ಹೇಳಬಹುದು. ನಮ್ಮ ಪಟ್ಟಿಯಲ್ಲಿ ಇರುವುದು ಹೆಸರು, ವಯಸ್ಸು, ಲಿಂಗ, ತಂದೆ ಅಥವಾ ಗಂಡನ ಹೆಸರು, ಮನೆ ನಂಬರು. ಮನಸ್ಸಿನ ನಂಬರು ಎಲ್ಲೂ ಇಲ್ಲ. ಅದು ಇರಬಾರದೆಂದೇ ನಮ್ಮ ಹಿರಿಯರು ಗುಪ್ತ ಮತದಾನ ಇಟ್ಟರು. ಆದರೆ ಕಾನೂನು ಕೇಳದ್ದನ್ನು ನಾವು ನಾವೇ ಕೇಳಿಕೊಳ್ಳುತ್ತೇವೆ: ಆ ಓಣಿ ಅವರದು, ಈ ಓಣಿ ಇವರದು.

ನಮ್ಮ ಸಮುದಾಯದ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಚುನಾವಣೆ ಬಂತೆಂದರೆ "ಮುಸಲ್ಮಾನರ ಓಟು ಒಟ್ಟಿಗೇ ಬೀಳುತ್ತದೆ" ಎಂದು ಇತರರು ಹೇಳುತ್ತಾರೆ, ನಮ್ಮವರಲ್ಲೇ ಕೆಲವರು ಅದನ್ನೇ ಹೆಮ್ಮೆಯಿಂದ ಹೇಳುತ್ತಾರೆ. ಮತದಾನಕ್ಕೆ ಎರಡು ದಿನ ಮೊದಲು ನಾಲ್ಕೈದು ಹಿರಿಯರು ಯಾರದೋ ಅಂಗಳದಲ್ಲಿ ಕುಳಿತು ತೀರ್ಮಾನಿಸುವುದು, ಅದು ಓಣಿ ಓಣಿಗೆ ತಲುಪುವುದು, ಇದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅವರ ಉದ್ದೇಶ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹೆದರಿಕೆ ಇದ್ದಲ್ಲಿ ಜನ ಗುಂಪಾಗುವುದು ಸಹಜ. ಆದರೆ ಇದರಿಂದ ನಷ್ಟವೂ ಆಗಿದೆ. ಓಟು ಹೇಗೂ ಬರುತ್ತದೆ ಎಂದು ಒಬ್ಬ ನಿಶ್ಚಿಂತೆಯಿಂದಿದ್ದಾನೆ, ಹೇಗೂ ಬರುವುದಿಲ್ಲ ಎಂದು ಇನ್ನೊಬ್ಬ ಈ ಕಡೆ ತಲೆ ಹಾಕುವುದೇ ಇಲ್ಲ. ಇಬ್ಬರೂ ನಮ್ಮ ಓಣಿಯ ಗಟಾರವನ್ನು ಕೇಳಲಿಲ್ಲ, ಶಾಲೆಯ ಖಾಲಿ ಹುದ್ದೆಯನ್ನು ಕೇಳಲಿಲ್ಲ. ಮೂಟೆ ಕಟ್ಟಿಟ್ಟ ಓಟಿನ ಜೊತೆ ಚೌಕಾಶಿ ಮಾಡುವವರು ಮೂಟೆ ಹೊತ್ತವನ ಜೊತೆ ಮಾತಾಡುತ್ತಾರೆ, ಕಾಳಿನ ಜೊತೆಯಲ್ಲ.

2019ರ ಆಗಸ್ಟನ್ನು ಗೋಕಾಕದವರು ಮರೆಯಲಾರರು. ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿತು, ಪಟ್ಟಣದ ತಗ್ಗಿನ ಓಣಿಗಳಿಗೆ ನೀರು ನುಗ್ಗಿತು. ಹಾಸಿಗೆ, ಕಾಳು, ಮಕ್ಕಳ ಪುಸ್ತಕ, ಎಲ್ಲ ಕೆಸರು. ಆ ದಿನಗಳಲ್ಲಿ ಯಾವ ಓಣಿ ಯಾವ ಪಾರ್ಟಿಯದೆಂದು ಯಾರೂ ಕೇಳಲಿಲ್ಲ. ಗುಡಿಯಲ್ಲಿ ಬೆಂದ ಅನ್ನ ಮಸೀದಿಯ ಓಣಿಗೆ ಬಂತು, ಮಸೀದಿಯಲ್ಲಿ ಕಟ್ಟಿದ ರೊಟ್ಟಿಯ ಗಂಟು ಗುಡಿಯ ಓಣಿಗೆ ಹೋಯಿತು. ನಾಲ್ಕೇ ತಿಂಗಳಿಗೆ ಉಪಚುನಾವಣೆ. ನೀರು ಹೊಕ್ಕ ಮನೆಗಳ ಪರಿಹಾರವೇ ದೊಡ್ಡ ವಿಷಯವಾಗುತ್ತದೆಂದು ನಾನು ಭಾವಿಸಿದ್ದೆ. ಆದರೆ ಚಹಾದಂಗಡಿಗಳಲ್ಲಿ ನಾನು ಕೇಳಿದ ಮಾತೆಲ್ಲ ಅಣ್ಣ ಗೆಲ್ಲುತ್ತಾನೋ ತಮ್ಮ ಗೆಲ್ಲುತ್ತಾನೋ ಎಂಬುದೊಂದೇ. ಗೋಡೆಯ ಮೇಲೆ ನೀರಿನ ಗೆರೆ ಇನ್ನೂ ಹಸಿಯಾಗಿದ್ದ ಮನೆಯವರೂ ಬಾಜಿ ಕಟ್ಟಿದರು.

ನನ್ನ ಪರಿಚಯದ ಎರಡು ಮನೆಗಳಿವೆ, ಒಡಹುಟ್ಟಿದ ಅಣ್ಣತಮ್ಮಂದಿರ ಮನೆಗಳು. ನಡುವೆ ಒಂದೇ ಗೋಡೆ. ಆ ಚುನಾವಣೆಯಲ್ಲಿ ಒಬ್ಬ ಒಂದು ಕಡೆ ಬಾವುಟ ಕಟ್ಟಿದ, ಇನ್ನೊಬ್ಬ ಇನ್ನೊಂದು ಕಡೆ. ಮಾತಿಗೆ ಮಾತು ಬೆಳೆದು ತಮ್ಮನ ಮಗಳ ಮದುವೆಗೆ ಅಣ್ಣ ಹೋಗಲಿಲ್ಲ. ಯಾರ ಸಲುವಾಗಿ ಜಗಳಾಡಿದರೋ ಅವರಿಗೆ ಈ ಇಬ್ಬರ ಹೆಸರೂ ಗೊತ್ತಿಲ್ಲ. ನಾಯಕರು ಯಾವ ಪಕ್ಷದಲ್ಲಿರಬೇಕು ಎಂಬುದು ಅವರ ಆಯ್ಕೆ, ಅದನ್ನು ಅವರಿಗೇ ಬಿಡೋಣ. ಅವರು ಪಕ್ಷ ಬದಲಿಸಿದಷ್ಟು ಸುಲಭವಾಗಿ ನಾವು ಅಣ್ಣತಮ್ಮಂದಿರನ್ನು ಬದಲಿಸಲಾರೆವು ಎಂಬುದನ್ನು ಮಾತ್ರ ನೆನಪಿಡೋಣ.

ಈಗ ನನ್ನದೇ ತಪ್ಪನ್ನು ಹೇಳುತ್ತೇನೆ. ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ಇದನ್ನು ಹೇಳದಿದ್ದರೆ ನ್ಯಾಯವಾಗದು.

2018ರ ಮೇ 12. ನಾನು ಬೇರೆ ಕ್ಷೇತ್ರದ ಒಂದು ಹಳ್ಳಿಯಲ್ಲಿ ಎರಡನೆಯ ಮತಗಟ್ಟೆ ಅಧಿಕಾರಿ. ಮತದಾರರ ಎಡಗೈ ತೋರುಬೆರಳಿಗೆ ಶಾಯಿ ಹಚ್ಚುವುದು, ರಿಜಿಸ್ಟರಿನಲ್ಲಿ ಸಹಿ ಪಡೆಯುವುದು ನನ್ನ ಕೆಲಸ. ಮಧ್ಯಾಹ್ನದ ಹೊತ್ತಿಗೆ ಬೆನ್ನು ಬಾಗಿದ ಒಬ್ಬ ಅಜ್ಜಿ ಬಂದಳು. ಜೊತೆಗೆ ಮೊಮ್ಮಗ. ಅವಳ ಬದಲು ತಾನೇ ಒಳಗೆ ಹೋಗಿ ಗುಂಡಿ ಒತ್ತುತ್ತೇನೆಂದು ಅವನ ಹಟ. ಕಣ್ಣು ಕಾಣದವರಿಗೆ, ಕೈಯಿಂದ ಒತ್ತಲಾಗದ ಅಶಕ್ತರಿಗೆ ಮಾತ್ರ ಸಹಾಯಕರನ್ನು ಬಿಡಬಹುದೆಂದು ಅಧ್ಯಕ್ಷಾಧಿಕಾರಿಗಳು ಹೇಳಿದರು. "ಆಕೀಗೇನ್ ತಿಳೀತೈತ್ರಿ?" ಎಂದ ಅವನು. ಅಜ್ಜಿ ತಿರುಗಿ ನಿಂತು, "ನಿನ್ನ ಹಡದಾಕೀನ ಹಡದಾಕಿ ನಾ. ನನಗ ತಿಳೀತೈತಿ. ನೀ ಹೊರಗ ನಿಲ್ಲು" ಎಂದಳು. ನಾವೆಲ್ಲ ನಕ್ಕೆವು. ಅವಳು ಒಳಗೆ ಹೋದಳು. ಏಳು ಸೆಕೆಂಡು ಚೀಟಿ ಕಾಣುತ್ತದಲ್ಲ, ಅದನ್ನು ಬಗ್ಗಿ ನೋಡಿ, ತಲೆಯಾಡಿಸಿ, ಸೆರಗು ಸರಿಪಡಿಸಿಕೊಂಡು ಹೊರಬಂದಳು. ನಾನು ಪಕ್ಕದವರಿಗೆ ಹೇಳಿದೆ: "ನೋಡ್ರಿ, ಇದು ಪ್ರಜಾಪ್ರಭುತ್ವ."

ಯಂತ್ರಗಳನ್ನು ಒಪ್ಪಿಸಿ ಮನೆ ಮುಟ್ಟಿದಾಗ ಮಧ್ಯರಾತ್ರಿ ದಾಟಿತ್ತು. ಅಜ್ಜಿಯ ಕತೆಯನ್ನು ರಸವತ್ತಾಗಿ ಹೆಂಡತಿಗೆ ಹೇಳಿದೆ. ಅವಳು ಊಟ ಬಡಿಸುತ್ತ ಕೇಳಿದಳು: "ಮೊಮ್ಮಗನನ್ನು ಹೊರಗೆ ನಿಲ್ಲಿಸಿದಿರಲ್ಲ, ಒಳ್ಳೆಯದು. ನಿನ್ನೆ ಹೊರಡುವ ಮೊದಲು ನೀವು ನನಗೇನು ಹೇಳಿ ಹೋದಿರಿ?"

ನನ್ನ ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯಿತು. ಹಿಂದಿನ ದಿನ ಚೀಲ ಹೆಗಲಿಗೇರಿಸುತ್ತ ಎಷ್ಟನೆಯ ಗುಂಡಿ ಎಂದು ಅವಳಿಗೂ ನನ್ನ ತಾಯಿಗೂ ಹೇಳಿಯೇ ಹೊರಟಿದ್ದೆ. ಮದುವೆಯಾದಾಗಿನಿಂದ ಪ್ರತಿ ಚುನಾವಣೆಯಲ್ಲೂ ಹೇಳುತ್ತಿದ್ದೆ. ಅದು ತಪ್ಪೆಂದು ಒಂದು ಸಲವೂ ಅನ್ನಿಸಿರಲಿಲ್ಲ.

"ನಾನು ನೀವು ಹೇಳಿದ ಗುಂಡಿ ಒತ್ತಲಿಲ್ಲ" ಎಂದಳು. ಯಾಕೆ ಎಂದು ಕೇಳಿದೆ, ಸ್ವಲ್ಪ ಸಿಟ್ಟಿನಿಂದಲೇ. "ರೇಷನ್ನಿನ ಸಾಲಿನಲ್ಲಿ ನಿಲ್ಲುವವಳು ನಾನು. ನಳಕ್ಕೆ ನೀರು ಬರದ ದಿನ ಕೊಡ ಹೊರುವವಳು ನಾನು. ಅಮ್ಮನನ್ನು ಸರಕಾರಿ ದವಾಖಾನೆಗೆ ಕರೆದೊಯ್ಯುವವಳೂ ನಾನೇ. ನಿಮಗೆ ಗೊತ್ತಿರುವುದು ಪೇಪರಿನ ರಾಜಕೀಯ." ಯಾರಿಗೆ ಹಾಕಿದಳೆಂದು ಅವಳು ಹೇಳಲಿಲ್ಲ. ಇಂದಿಗೂ ಹೇಳಿಲ್ಲ. ನಾನೂ ಕೇಳುವುದನ್ನು ಬಿಟ್ಟಿದ್ದೇನೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮದ್ರಸಾದಲ್ಲಿ ನಮ್ಮ ಉಸ್ತಾದರು ಸಾಕ್ಷ್ಯದ ಅಧ್ಯಾಯ ಓದಿಸುವಾಗ ಹೇಳುತ್ತಿದ್ದದ್ದು ನೆನಪಾಯಿತು: ಸಾಕ್ಷಿ ಹೇಳುವವನು ತಾನು ತಿಳಿದದ್ದನ್ನು ಹೇಳಬೇಕು, ಬೇರೆಯವರು ಹೇಳಿಕೊಟ್ಟದ್ದನ್ನಲ್ಲ. ಹಣ ಪಡೆದು ಹೇಳಿದರೆ ಅದು ಸಾಕ್ಷ್ಯವೇ ಅಲ್ಲ. ಮುಫ್ತಿ ಮುಹಮ್ಮದ್ ಶಫೀಯವರಂತಹ ವಿದ್ವಾಂಸರು ಓಟನ್ನು ಒಂದು ಸಾಕ್ಷ್ಯ, ಒಂದು ಶಿಫಾರಸು, ಒಂದು ವಕಾಲತ್ತು ಎಂದು ವಿವರಿಸಿದ್ದಾರೆ. ಬಿ.ಎ.ಯಲ್ಲಿ ರಾಜ್ಯಶಾಸ್ತ್ರದ ಪುಸ್ತಕವೂ ಬೇರೆ ಮಾತುಗಳಲ್ಲಿ ಅದನ್ನೇ ಹೇಳಿತ್ತು. ಎರಡೂ ಕಡೆ ಪರೀಕ್ಷೆ ಬರೆದು ಪಾಸಾದ ನಾನು ಮನೆಯಲ್ಲಿ ಇಬ್ಬರು ಸಾಕ್ಷಿಗಳಿಗೆ ಹೇಳಿಕೊಟ್ಟು ಕಳುಹಿಸುತ್ತಿದ್ದೆ.

ಹೆಂಗಸರ ಓಟಿನ ಕತೆ ನಮ್ಮ ದೇಶದಲ್ಲಿ ದೊಡ್ಡದು. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡುವಾಗ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಸಿದರು. ಸ್ವಂತ ಹೆಸರಿಲ್ಲದೆ ಪಟ್ಟಿಯಲ್ಲಿರಲು ಸಾಧ್ಯವಿಲ್ಲವೆಂದು ಸುಮಾರು 28 ಲಕ್ಷ ಹೆಂಗಸರನ್ನು ಕೈಬಿಡಬೇಕಾಯಿತು. ಇಂದು ಹೆಣ್ಣುಮಕ್ಕಳ ಸ್ವಂತ ಹೆಸರು ಫೋಟೋ ಸಮೇತ ಪಟ್ಟಿಯಲ್ಲಿರುತ್ತದೆ. ಆದರೆ ಗಂಡನೋ ಮಗನೋ ಹೇಳಿದ ಗುಂಡಿಯನ್ನೇ ಒತ್ತಿ ಬಂದರೆ ಹೆಸರಿದ್ದೂ ಇಲ್ಲದಂತೆಯೇ. ಊರಿನ ಒಲವು ಎಂದು ನಾವು ಯಾವುದನ್ನು ಕರೆಯುತ್ತೇವೋ ಅದು ಎಷ್ಟೋ ಸಲ ಊರಿನ ಯಜಮಾನರ ಒಲವು ಮಾತ್ರ.

"ಒಂದು ಓಟಿನಿಂದ ಏನಾಗುತ್ತದೆ" ಎನ್ನುವವರಿಗೆ ಎರಡು ಲೆಕ್ಕ. 2004ರಲ್ಲಿ ನಮ್ಮದೇ ರಾಜ್ಯದ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಅವರು ಗೆದ್ದದ್ದು ಒಂದೇ ಒಂದು ಓಟಿನಿಂದ. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ನಿರ್ಧಾರವಾದದ್ದು 16 ಓಟುಗಳಿಂದ. ನಮ್ಮ ಚಿಕ್ಕೋಡಿಯ ಲಕ್ಷಾಂತರ ಮತದಾರರ ನಡುವೆ 2014ರಲ್ಲಿ ಪ್ರಕಾಶ ಹುಕ್ಕೇರಿಯವರ ಗೆಲುವಿನ ಅಂತರ ಮೂರು ಸಾವಿರದ ಆಸುಪಾಸು. ಒಂದು ದೊಡ್ಡ ಹಳ್ಳಿಯ ಹೆಂಗಸರು ಸೇರಿದರೆ ಅಷ್ಟಾಗುತ್ತಾರೆ.

ಓಟಿಗೆ ಬೆಲೆ ಕಟ್ಟುವವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೊಡುವುದೂ ಅಪರಾಧ, ಪಡೆಯುವುದೂ ಅಪರಾಧ. ಲಂಚ ಕೊಟ್ಟವನನ್ನೂ ತಿಂದವನನ್ನೂ ನಮ್ಮ ಧರ್ಮ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಒಂದು ಸಾವಿರ ರೂಪಾಯಿಯನ್ನು ಐದು ವರ್ಷಕ್ಕೆ ಭಾಗಿಸಿ ನೋಡಿ. ದಿನಕ್ಕೆ ಅರವತ್ತು ಪೈಸೆಯೂ ಬೀಳುವುದಿಲ್ಲ.

ಇನ್ನೊಂದು ಮುಖ್ಯ ವಿಷಯ ಪಟ್ಟಿ. ಚಾಳು ಬಿಟ್ಟು ಬೇರೆ ಕಡೆ ಮನೆ ಮಾಡಿದ ನಮ್ಮ ಪರಿಚಯದ ವಿಧವೆಯೊಬ್ಬರು ಮತದಾನದ ದಿನ ಕಾರ್ಡು ಹಿಡಿದು ಹಳೆಯ ಮತಗಟ್ಟೆಗೆ ಹೋದರೆ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಕಾರ್ಡು ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಹೊಸ ಹೆಸರಿಗೆ ನಮೂನೆ 6, ವಿಳಾಸ ಬದಲಾವಣೆಗೂ ತಿದ್ದುಪಡಿಗೂ ನಮೂನೆ 8. ಹದಿನೆಂಟು ತುಂಬಿದ ಮಕ್ಕಳು ಜನವರಿಯವರೆಗೆ ಕಾಯಬೇಕಾಗಿಲ್ಲ. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಸಂಶಯ ಬಂದರೆ 1950ಕ್ಕೆ ಫೋನು ಮಾಡಿ. ಮದುವೆಯಾಗಿ ಬೇರೆ ಊರಿಗೆ ಹೋದ ಮಗಳ ಹೆಸರು ಅಲ್ಲಿ ಸೇರಿದೆಯೇ ಎಂದು ಇಂದೇ ವಿಚಾರಿಸಿ. ತವರಿನ ಪಟ್ಟಿಯಲ್ಲಿ ತೆಗೆದು, ಗಂಡನ ಮನೆಯ ಪಟ್ಟಿಯಲ್ಲಿ ಸೇರದೆ, ನಡುವೆಯೇ ಉಳಿದುಹೋದ ಹೆಣ್ಣುಮಕ್ಕಳು ಕಡಿಮೆಯಿಲ್ಲ.

2023ರ ಚುನಾವಣೆಯ ಮೊದಲ ವಾರ ನಮ್ಮ ಮನೆಯಲ್ಲಿ ಒಂದು ಹೊಸ ಪದ್ಧತಿ ಮಾಡಿದೆವು. ಊಟಕ್ಕೆ ಕುಳಿತಾಗ ಪ್ರತಿಯೊಬ್ಬರೂ ಅಭ್ಯರ್ಥಿಯ ಹೆಸರಲ್ಲ, ಒಂದು ಕೆಲಸದ ಹೆಸರು ಹೇಳಬೇಕು. ನಮಗೆ ಈ ಐದು ವರ್ಷದಲ್ಲಿ ಏನು ಆಗಬೇಕು ಎಂದು. ತಾಯಿ ದವಾಖಾನೆಯಲ್ಲಿ ಡಾಕ್ಟರು ಇರಬೇಕೆಂದರು. ಹೆಂಡತಿ ನೀರು ಎಂದಳು. ಮಗಳು ಕಾಲೇಜಿಗೆ ಹೋಗಲು ಸಂಜೆಯ ಬಸ್ಸು ಎಂದಳು. ನಾನು ಶಾಲೆ ಎಂದೆ. ಯಾರು ಯಾರಿಗೆ ಹಾಕುತ್ತಾರೆಂದು ಯಾರೂ ಕೇಳಲಿಲ್ಲ. ಆ ವಾರ ನಮ್ಮ ಮನೆಯಲ್ಲಿ ರಾಜಕೀಯದ ಮಾತು ಹಿಂದೆಂದಿಗಿಂತ ಹೆಚ್ಚು ನಡೆಯಿತು, ಜಗಳ ಮಾತ್ರ ಒಂದೂ ಆಗಲಿಲ್ಲ.

ಕರಾವಳಿಯ ಸಂಬಂಧಿಕರು ಇತ್ತೀಚೆಗೆ ಫೋನಿನಲ್ಲಿ ಮತ್ತೆ ಅದೇ ಪ್ರಶ್ನೆ ಕೇಳಿದರು, ತಮಾಷೆಗೆ: "ಏನು ಮಾಸ್ತರರೇ, ಈಗ ನಿಮ್ಮೂರು ಯಾವ ಪಾರ್ಟಿ?"

"ಊರಿನದು ನನಗೆ ಗೊತ್ತಿಲ್ಲ" ಎಂದೆ. "ನನ್ನ ಮನೆಯದೂ ಗೊತ್ತಿಲ್ಲ. ಅಲ್‌ಹಮ್ದುಲಿಲ್ಲಾಹ್."